ವಯಸ್ಸಾದ ಬೆಕ್ಕು ಸಿಕ್ಕಾಪಟ್ಟೆ ನೀರು ಕುಡೀತಿದೆ, ರಿಪೋರ್ಟ್ ನಾರ್ಮಲ್ ಅಂತಿದಾರೆ, ಕಿಡ್ನಿ ತೊಂದ್ರೆ ಇರಬಹುದಾ?

ಚುಕ್ಕಿ_ಮನೆಯವಳು:

ಎಲ್ರಿಗೂ ನಮಸ್ಕಾರ. ನಮ್ಮ ಚುಕ್ಕಿಗೆ ಈಗ 13 ವರ್ಷ, ಹೆಣ್ಣು, ಆಪರೇಷನ್ ಆಗಿದೆ, ಮನೆ ಬಿಟ್ಟು ಆಚೆ ಹೋಗೋದಿಲ್ಲ. ಮೊದ್ಲಿಂದ್ಲೂ ಇವಳು ನೀರಿನ ಬಟ್ಟಲ ಹತ್ರ ಕಾಣಿಸ್ಕೊಂಡಿದ್ದೇ ಅಪರೂಪ, ವೆಟ್ ಫುಡ್ ತಿಂತಾಳಲ್ಲ ಅದ್ರಲ್ಲೇ ಸಾಕಷ್ಟು ನೀರಿರತ್ತೆ. ಈಗ ಕೆಲವು ತಿಂಗಳಿಂದ ಬಟ್ಟಲ ಮುಂದೆ ಕೂತ್ರೆ ಏಳೋದೇ ಇಲ್ಲ, ಬಾತ್‌ರೂಮಲ್ಲಿ ಬಕೆಟ್ ಅಂಚಿಗೆ ಮುಂಗಾಲಿಟ್ಟು ಬಗ್ಗಿ ಕುಡೀತಾಳೆ, ರಾತ್ರಿ ಎದ್ರೆ ಚಪ್ ಚಪ್ ಅಂತ ಸದ್ದು ಕೇಳತ್ತೆ. ಲಿಟರ್ ಬಾಕ್ಸಲ್ಲಿ ಮೊದ್ಲು ಉಚ್ಚೆ ಹೀರಿದ ಮಣ್ಣಿನ ಸಣ್ಣ ಸಣ್ಣ ಗಟ್ಟಿ ಇರ್ತಿತ್ತು, ಈಗ ಒಂದೊಂದೂ ನನ್ನ ಮುಷ್ಟಿಗಿಂತ ದೊಡ್ಡದು, ಮತ್ತೆ ಉಚ್ಚೆಗೆ ಆ ಮೊದಲಿನ ಘಾಟು ವಾಸನೆನೇ ಇಲ್ಲ, ಅದು ಒಳ್ಳೇದೋ ಕೆಟ್ಟದ್ದೋ ಗೊತ್ತಾಗ್ತಿಲ್ಲ.

ತೂಕ ವರ್ಷದ ಹಿಂದೆ 4.6 ಕಿಲೋ ಇತ್ತು, ಈಗ 3.9. ಬೆನ್ನು ಸವರಿದ್ರೆ ಮೂಳೆ ಕೈಗೆ ಸಿಗತ್ತೆ. ಊಟದ್ದು ವಿಚಿತ್ರ, ಹಸಿವಾದಂಗೆ ಓಡಿ ಬರ್ತಾಳೆ, ತಟ್ಟೆ ಮೂಸ್ತಾಳೆ, ತುಟಿ ನೆಕ್ಕೊಳ್ತಾಳೆ, ಎರಡು ತುತ್ತು ತಿಂದು ವಾಪಸ್ ಹೋಗ್ತಾಳೆ. ಆಗಾಗ ಬೆಳಿಗ್ಗೆ ಬಿಳೀ ನೊರೆ ವಾಂತಿ. ಮೈ ನೆಕ್ಕಿ ಕ್ಲೀನ್ ಮಾಡ್ಕೊಳ್ಳೋದು ಕಮ್ಮಿ ಆಗಿದೆ, ಸೊಂಟದ ಹತ್ರ ಕೂದಲು ಗಂಟು ಗಂಟು.

ಬ್ಲಡ್ ಟೆಸ್ಟ್ ಮಾಡಿಸಿದ್ವಿ. ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ರಕ್ತದಿಂದ ಸೋಸಿ ಹೊರಗೆ ಹಾಕೋ ಕಸ, 1.7 ಬಂದಿದೆ, ಲ್ಯಾಬ್‌ನವರ ರೇಂಜ್ 2.4 ತನಕ ಇರೋದ್ರಿಂದ ಕೆಂಪು ಗುರುತು ಏನೂ ಇಲ್ಲ, ಯೂರಿಯಾನೂ ಗೆರೆ ಒಳಗೇ ಇದೆ. ಕಿಡ್ನಿ ಚೆನ್ನಾಗಿದೆ, ವಯಸ್ಸಾಯ್ತಲ್ಲ ಹಾಗೇನೇ ಅಂದ್ರು. ಯೂರಿನ್ ಟೆಸ್ಟ್ ಮಾಡ್ಲಿಲ್ಲ. ನನಗ್ಯಾಕೋ ಸಮಾಧಾನ ಇಲ್ಲ. ಬಟ್ಟಲಲ್ಲಿ ನೀರು ಕಮ್ಮಿ ಇಟ್ರೆ ಉಚ್ಚೆ ಕಮ್ಮಿ ಆಗಿ ಕಿಡ್ನಿಗೆ ರೆಸ್ಟ್ ಸಿಗತ್ತೆ ಅಂತ ನಮ್ಮನೇಲಿ ಒಬ್ರು ಹೇಳ್ತಿದಾರೆ, ಅದು ಸರಿನಾ? ಇನ್ನೂ ಕಾದು ನೋಡ್ಲಾ ಅಥ್ವಾ ಬೇರೆ ಏನಾದ್ರೂ ಟೆಸ್ಟ್ ಕೇಳ್ಲಾ?


ಮೂರು_ಬೆಕ್ಕಿನ_ಮನಿ:

ನೀರು ಕಮ್ಮಿ ಮಾಡಬ್ಯಾಡ್ರಿ ಅಕ್ಕಾರ, ಆ ಮಾತು ಹೇಳಿದವ್ರಿಗೂ ಒಂದು ಸಲ ತಿಳಿಸಿ ಹೇಳ್ರಿ. ಅದು ನೀರು ಜಾಸ್ತಿ ಕುಡೀತೈತಿ ಅಂತ ಉಚ್ಚಿ ಜಾಸ್ತಿ ಹೊಯ್ಯಾಕತ್ತಿಲ್ಲ, ಉಚ್ಚಿ ಜಾಸ್ತಿ ಹೋಗಾಕತ್ತೈತಿ ಅಂತ ನೀರು ಕುಡ್ಯಾಕತ್ತೈತಿ. ಕಿಡ್ನಿಗೆ ನೀರು ಹಿಡಿದಿಟ್ಕೊಳ್ಳೋ ಶಕ್ತಿ ಹೋದ್ರ ನೀರು ಸೀದಾ ಹೊರಗ ಹೋಗ್ತೈತಿ, ಮೈ ಒಣಗ್ತೈತಿ, ಆಮ್ಯಾಲ ನೀರಡಿಕಿ. ನೀವು ಬಟ್ಟಲ ತಗದ್ರ ಉಚ್ಚಿ ಏನೂ ನಿಲ್ಲಂಗಿಲ್ಲ, ಬೆಕ್ಕು ಒಣಗಿ ಬೀಳ್ತೈತಿ ಅಷ್ಟ. ಕಿಡ್ನಿಗೆ ರೆಸ್ಟ್ ಅಲ್ಲ ಅದು, ಇರೋ ಕಿಡ್ನಿಗೆ ಹೊಡತ.

ವಾಸನಿ ಇಲ್ಲ ಅಂದ್ರಲ್ಲ, ಅದು ಒಳ್ಳೇದಲ್ರಿ. ಬೆಕ್ಕಿನ ಉಚ್ಚಿ ಘಾಟ ಇರಬೇಕು, ಹಳದಿ ಇರಬೇಕು. ನೀರಿನಂಗ ಬಂದ್ರ ತೆಳ್ಳಗಾಗೇತಿ ಅಂತ ಅರ್ಥ.

ಮದಲ ಎಷ್ಟು ಕುಡೀತೈತಿ ಅಂತ ಅಳೀರಿ. ಅಳತಿ ಜಗ್ಗಿಲೆ ಬೆಳಿಗ್ಗಿ ಇಷ್ಟು ಅಂತ ಹಾಕ್ರಿ, ಮರುದಿನ ಅದ ಹೊತ್ತಿಗೆ ಉಳಿದಿದ್ದು ಅಳದು ಕಳೀರಿ, ಬಕೆಟ್ಟಿಗೆ ಮುಚ್ಚಳ ಹಾಕ್ರಿ ಇಲ್ಲಂದ್ರ ಲೆಕ್ಕ ತಪ್ತೈತಿ. ಕಿಲೋಕ್ಕ 50 ಮಿಲಿ ದಾಟಿದ್ರ ಅನುಮಾನ ಪಡಬೇಕು, ಅಂದ್ರ ನಿಮ್ಮ ಚುಕ್ಕಿಗೆ 200 ಮಿಲಿ ಹತ್ರ. ಅದೂ ವೆಟ್ ಫುಡ್ ತಿನ್ನೋ ಬೆಕ್ಕು ಅಂದ್ರ ಇನ್ನೂ ಗಂಭೀರ, ಆ ಊಟದಾಗ ಮುಕ್ಕಾಲು ಪಾಲು ನೀರ ಇರ್ತೈತಿ, ಅಂಥಾ ಬೆಕ್ಕು ಬಟ್ಟಲಕ್ಕ ಹೋಗೋದ ಕಮ್ಮಿ.

ಇನ್ನೊಂದು, ಇದನ್ನ ಓದೋ ಬ್ಯಾರೇಯವರಿಗೆ. ಇಲ್ಲಿ ಗಟ್ಟಿ ದೊಡ್ಡದು ಅನ್ನೋದು ಮುಖ್ಯ. ಸಣ್ಣ ಸಣ್ಣ ಗಟ್ಟಿ ಭಾಳ ಆಗಿದ್ರ, ಕುಂತು ತಿಣುಕಿ ಹನಿ ಹನಿ ಬರ್ತಿದ್ರ ಅದು ಮೂತ್ರಕೋಶದ ಕಥಿ, ಬ್ಯಾರೇನ. ಗಂಡು ಬೆಕ್ಕು ತಿಣುಕಿ ಒಂದ್ ಹನಿನೂ ಬರವಲ್ದು ಅಂದ್ರ ಆ ಗಳಿಗ್ಯಾಗ ಎತ್ಕೊಂಡು ಹೋಗ್ರಿ, ನಾಳೆ ಅನಬ್ಯಾಡ್ರಿ.


ಟಾಮಿ_ಪುಸ್ಸಿ:

ಕ್ರಿಯಾಟಿನಿನ್ ನಾರ್ಮಲ್ ಇದ್ರೆ ಕಿಡ್ನಿ ಅಲ್ಲ ಬಿಡಿ. ನಮ್ಮ ಬೆಕ್ಕಿಗೂ ಸೇಮ್ ಇದೇ ಥರ ಆಗಿತ್ತು, ತೂಕ ಇಳೀತಿತ್ತು ನೀರು ಕುಡೀತಿತ್ತು ವಾಂತಿ ಮಾಡ್ತಿತ್ತು, ಕೊನೆಗೆ ನೋಡಿದ್ರೆ ಥೈರಾಯ್ಡ್. ಟಿ4 ಟೆಸ್ಟ್ ಮಾಡಿಸಿ ಮೊದ್ಲು. ಶುಗರ್ ಕೂಡ ನೋಡಿಸಿ.


ಹಸಿರು_ಕೋಟು_ಪಶುವೈದ್ಯೆ:

ನಾನು ಪಶುವೈದ್ಯೆ, ಸಣ್ಣ ಪ್ರಾಣಿಗಳನ್ನೇ ನೋಡೋದು. ಬೆಕ್ಕನ್ನ ಕೈಯಲ್ಲಿ ಹಿಡಿದು ನೋಡದೆ ಇದೇ ಕಾಯಿಲೆ ಅಂತ ಹೇಳೋಕಾಗಲ್ಲ, ಆದ್ರೆ ನೀವು ಬರೆದಿರೋದ್ರಲ್ಲಿ ಕಾದು ನೋಡೋ ಅಂಥದ್ದು ಒಂದೂ ಇಲ್ಲ. ಟಾಮಿ ಪುಸ್ಸಿಯವ್ರು ಹೇಳಿದ ಥೈರಾಯ್ಡ್, ಶುಗರ್ ಎರಡೂ ನೋಡ್ಲೇಬೇಕು, ಅದು ಸರಿ. "ಕ್ರಿಯಾಟಿನಿನ್ ನಾರ್ಮಲ್ ಇದ್ರೆ ಕಿಡ್ನಿ ಅಲ್ಲ" ಅನ್ನೋದು ಮಾತ್ರ ಸರಿಯಲ್ಲ, ಅದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ ಯಾಕಂದ್ರೆ ವಯಸ್ಸಾದ ಬೆಕ್ಕಿರೋ ಮನೆಯವ್ರೆಲ್ಲ ಎಡವೋದು ಇಲ್ಲೇ.

ಬೆಕ್ಕಿನ ಒಂದೊಂದು ಕಿಡ್ನೀಲಿ ಸುಮಾರು 2 ಲಕ್ಷ ನೆಫ್ರಾನ್ ಇರತ್ತೆ, ಸೋಸೋ ಕೆಲಸ ಮಾಡೋದು ಅವು. ಸತ್ತ ನೆಫ್ರಾನ್ ಮತ್ತೆ ಹುಟ್ಟಲ್ಲ, ಉಳಿದವು ಅದರ ಪಾಲಿನ ಕೆಲಸನೂ ಎಳ್ಕೊಂಡು ಮಾಡತ್ವೆ. ಹತ್ತು ಜನ ಇರೋ ಆಫೀಸಲ್ಲಿ ಆರು ಜನ ಬಿಟ್ಟು ಹೋದ್ರೂ ಉಳಿದ ನಾಲ್ವರು ಓವರ್‌ಟೈಮ್ ಮಾಡಿ ಕೌಂಟರ್ ನಡೆಸಿದ್ರೆ ಹೊರಗಿನವ್ರಿಗೆ ಏನೂ ಗೊತ್ತಾಗಲ್ವಲ್ಲ, ಹಾಗೆ. ಮೂರರಲ್ಲಿ ಎರಡು ಪಾಲು ಹೋದ ಮೇಲೆ ಉಚ್ಚೆ ಗಟ್ಟಿ ಮಾಡೋ ಶಕ್ತಿ ಹೋಗತ್ತೆ, ಆಗ ನೀರು ಕುಡಿಯೋದು ಶುರು. ರಕ್ತದಲ್ಲಿ ಕ್ರಿಯಾಟಿನಿನ್ ಲ್ಯಾಬ್ ಗೆರೆ ದಾಟೋದು ಅದಕ್ಕಿಂತ ತಡವಾಗಿ, ಸುಮಾರು ನೂರಕ್ಕೆ 75 ಪಾಲು ಹೋದ್ಮೇಲೆ. ಅಂದ್ರೆ ನಿಮ್ಮ ಲಿಟರ್ ಬಾಕ್ಸ್ ರಿಪೋರ್ಟ್‌ಗಿಂತ ಮುಂಚೆನೇ ಸುದ್ದಿ ಹೇಳತ್ತೆ.

ಎರಡನೇದು, ಕ್ರಿಯಾಟಿನಿನ್ ಬರೋದು ಮಾಂಸಖಂಡದಿಂದ. ಚುಕ್ಕಿ 4.6ರಿಂದ 3.9ಕ್ಕೆ ಇಳಿದಿದಾಳೆ ಅಂದ್ರೆ ನೂರಕ್ಕೆ 15ರಷ್ಟು ತೂಕ ಹೋಗಿದೆ, ಬೆನ್ನುಮೂಳೆ ಸಿಗತ್ತೆ ಅಂದ್ರೆ ಹೋಗಿರೋದ್ರಲ್ಲಿ ಮಾಂಸಾನೂ ಇದೆ. ಮಾಂಸ ಕಮ್ಮಿ ಆದ್ರೆ ಕ್ರಿಯಾಟಿನಿನ್ ಹುಟ್ಟೋದೂ ಕಮ್ಮಿ. ದಪ್ಪಗಿರೋ ಎಳೇ ಗಂಡು ಬೆಕ್ಕಿಗೆ 1.7 ಬಂದ್ರೆ ನಾನು ಅಷ್ಟು ಯೋಚನೆ ಮಾಡಲ್ಲ, ಸೊರಗಿದ 13 ವರ್ಷದ ಬೆಕ್ಕಿಗೆ ಅದೇ 1.7 ಬಂದ್ರೆ ಬಿಡಲ್ಲ. ಲ್ಯಾಬ್ ರೇಂಜ್ ಎಲ್ಲಾ ಥರದ ಬೆಕ್ಕನ್ನೂ ಸೇರಿಸಿ ಮಾಡಿರೋದು, ಅಗಲ ಜಾಸ್ತಿ. ಕಿಡ್ನಿ ಕಾಯಿಲೆಯ ಹಂತ ಗುರುತಿಸೋಕೆ ಜಗತ್ತಿನ ತುಂಬ ಬಳಸೋದು ಐರಿಸ್ ಅನ್ನೋ ಪದ್ಧತಿ, ಅದ್ರಲ್ಲಿ ಬೆಕ್ಕಿಗೆ 2ನೇ ಹಂತ 1.6ಕ್ಕೇ ಶುರುವಾಗತ್ತೆ, 2.8ರ ತನಕ. 2.9ರಿಂದ 5 ತನಕ 3ನೇದು, 5 ದಾಟಿದ್ರೆ 4ನೇದು. ಹಾಗಂತ ಒಂದೇ ಒಂದು ಸಲ 1.7 ಬಂತು ಅಂತ 2ನೇ ಹಂತ ಅನ್ನೋಕಾಗಲ್ಲ, ಬೆಕ್ಕು ಒಣಗಿರಬಾರದು, ಇನ್ನೊಂದು ಸಲ ನೋಡಿದಾಗ್ಲೂ ಅಷ್ಟೇ ಇರಬೇಕು, ಜೊತೆಗೆ ಉಚ್ಚೆ ತೆಳ್ಳಗಿದೆ ಅಂತ ತೋರಬೇಕು.

ಹಾಗಾಗಿ ನೀವು ಕೇಳಬೇಕಾಗಿರೋದು ಯೂರಿನ್ ಟೆಸ್ಟ್. ಅದ್ರಲ್ಲೂ ಸ್ಪೆಸಿಫಿಕ್ ಗ್ರಾವಿಟಿ, ಅಂದ್ರೆ ಉಚ್ಚೆ ಎಷ್ಟು ಗಟ್ಟಿ ಎಷ್ಟು ತೆಳು ಅನ್ನೋ ಅಳತೆ. ಆರೋಗ್ಯವಾಗಿರೋ ಬೆಕ್ಕಿಗೆ ಅದು 1.035 ಮೇಲೇ ಇರತ್ತೆ, ಕಿಡ್ನಿ ಸೋತಂಗೆಲ್ಲ ಇಳೀತಾ ಬಂದು 1.008ರಿಂದ 1.012ರ ನಡುವೆ ನಿಂತ್ಬಿಡತ್ತೆ. ಎರಡು ಹನಿ ಉಚ್ಚೆ ಸಾಕು ಇದಕ್ಕೆ, ನಿಮಿಷದ ಕೆಲಸ. ಅದೇ ಸ್ಯಾಂಪಲ್‌ನಲ್ಲಿ ಸಕ್ಕರೆ ಹೋಗ್ತಿದ್ಯಾ, ಪ್ರೋಟೀನ್ ಹೋಗ್ತಿದ್ಯಾ, ಸೋಂಕಿದ್ಯಾ ಅಂತಾನೂ ಗೊತ್ತಾಗತ್ತೆ. ರಕ್ತದಲ್ಲಿ ಎಸ್‌ಡಿಎಮ್‌ಎ ಅಂತ ಇನ್ನೊಂದಿದೆ, ಅದಕ್ಕೆ ಮಾಂಸಖಂಡದ ಹಂಗಿಲ್ಲ, ಕಿಡ್ನಿ ಕೆಲಸ ಸರಾಸರಿ ನೂರಕ್ಕೆ 40ರಷ್ಟು ಕುಗ್ಗಿದಾಗ್ಲೇ ಏರೋಕೆ ಶುರುಮಾಡತ್ತೆ. ಇವುಗಳ ಜೊತೆ ಟಿ4, ರಂಜಕ ಅಂದ್ರೆ ಫಾಸ್ಫರಸ್, ಪೊಟ್ಯಾಷಿಯಂ, ಹಿಮೋಗ್ಲೋಬಿನ್, ಮತ್ತೆ ಬಿಪಿ. ಬಿಪಿ ಮರೀಬೇಡಿ, ಬೆಕ್ಕಿಗೂ ಬಿಪಿ ನೋಡ್ತಾರೆ, ಎಷ್ಟೋ ಕಡೆ ಕೇಳಿದ್ರೆ ಮಾತ್ರ ನೋಡ್ತಾರೆ.

ಥೈರಾಯ್ಡ್ ವಿಷಯಕ್ಕೆ ಬಂದ್ರೆ, ಥೈರಾಯ್ಡ್ ಜಾಸ್ತಿಯಾದ ಬೆಕ್ಕು ಸಾಮಾನ್ಯವಾಗಿ ಬಕಾಸುರನ ಹಾಗೆ ತಿಂದೂ ಸೊರಗತ್ತೆ, ಮನೆಯೆಲ್ಲ ಕಿರುಚಿಕೊಂಡು ಓಡಾಡತ್ತೆ. ಶುಗರ್ ಇದ್ರೂ ಶುರುವಲ್ಲಿ ಹಸಿವು ಚೆನ್ನಾಗೇ ಇರತ್ತೆ, ಕೆಲವು ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯೋಕೆ ಶುರು ಮಾಡತ್ವೆ. ತಟ್ಟೆ ತನಕ ಬಂದು ಮೂಸಿ ತುಟಿ ನೆಕ್ಕೊಂಡು ವಾಪಸ್ ಹೋಗೋದು ಹೊಟ್ಟೆ ತೊಳಸೋ ಲಕ್ಷಣ, ಅದು ಕಿಡ್ನಿ ಕಡೆಗೇ ಹೆಚ್ಚು ವಾಲತ್ತೆ. ಆದ್ರೂ ಟೆಸ್ಟ್ ಬೇಕು, ಯಾಕಂದ್ರೆ ಒಂದೇ ಬೆಕ್ಕಲ್ಲಿ ಎರಡೂ ಇರಬಹುದು. ಥೈರಾಯ್ಡ್ ಜಾಸ್ತಿ ಇದ್ರೆ ಕಿಡ್ನಿಗೆ ರಕ್ತ ಜೋರಾಗಿ ಹರಿದು ಕ್ರಿಯಾಟಿನಿನ್ ಕಮ್ಮಿ ತೋರಿಸತ್ತೆ, ಥೈರಾಯ್ಡ್‌ಗೆ ಔಷಧಿ ಶುರು ಮಾಡಿದ್ಮೇಲೆ ಅಡಗಿದ್ದ ಕಿಡ್ನಿ ಕಾಯಿಲೆ ಹೊರಗೆ ಬರತ್ತೆ.


ಟಾಮಿ_ಪುಸ್ಸಿ:

ಓ ಇದು ಗೊತ್ತಿರ್ಲಿಲ್ಲ ಮೇಡಂ, ಥ್ಯಾಂಕ್ಸ್. ನಮ್ಮದಕ್ಕೂ ಔಷಧಿ ಶುರುವಾದ್ಮೇಲೆ ಕಿಡ್ನಿ ಮತ್ತೆ ಮತ್ತೆ ಚೆಕ್ ಮಾಡ್ತಿದ್ರು, ಯಾಕೆ ಅಂತ ಈಗ ಅರ್ಥ ಆಯ್ತು.


ಚುಕ್ಕಿ_ಮನೆಯವಳು:

ಇಷ್ಟೊಂದು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ, ಅಣ್ಣಂಗೂ. ಬಕೆಟ್ಟಿಗೆ ಮುಚ್ಚಳ ಹಾಕಿ ಅಳದು ನೋಡಿದೆ, ದಿನಕ್ಕೆ 250 ಮಿಲಿ ಹತ್ರ ಹತ್ರ ಹೋಗ್ತಿದೆ.

ಇನ್ನು ಕೆಲವು ಡೌಟು. ಉಚ್ಚೆ ಹಿಡಿಯೋದು ಹೇಗೆ? ನಾನು ಬಟ್ಟಲು ಹಿಡ್ಕೊಂಡು ಹಿಂದೆ ಹೋದ್ರೆ ಅವಳು ಅರ್ಧಕ್ಕೇ ಎದ್ದು ನನ್ನನ್ನ ಒಂಥರಾ ನೋಡಿ ಹೋಗ್ತಾಳೆ. ಮತ್ತೆ ಊಟ? ಪ್ರೋಟೀನ್ ಪೂರ್ತಿ ನಿಲ್ಲಿಸ್ಬೇಕು ಅಂತ ಓದಿದೆ, ಹಾಗಾದ್ರೆ ಏನು ಕೊಡೋದು?

ಇನ್ನೊಂದು ಸಣ್ಣ ವಿಷಯ, ಇದಕ್ಕೂ ಅದಕ್ಕೂ ಸಂಬಂಧ ಇದ್ಯೋ ಇಲ್ವೋ. ಈಗ ಸ್ವಲ್ಪ ದಿನದಿಂದ ಅವಳ ಕಣ್ಣಿನ ಪಾಪೆ ಹಗಲು ಬೆಳಕಲ್ಲೂ ದೊಡ್ಡದಾಗೇ ಇರತ್ತೆ, ಕಪ್ಪಗೆ ಹೊಳೀತಾ ನೋಡೋಕೆ ಚೆಂದ ಕಾಣ್ಸತ್ತೆ. ಸೋಫಾ ಹತ್ತುವಾಗ ಅಂದಾಜು ತಪ್ಪಿ ಉಗುರಲ್ಲಿ ನೇತಾಡ್ತಾಳೆ. ರಾತ್ರಿ ಹಾಲ್‌ನಲ್ಲಿ ನಿಂತ್ಕೊಂಡು ಜೋರಾಗಿ ಕೂಗ್ತಾಳೆ.


ಹಸಿರು_ಕೋಟು_ಪಶುವೈದ್ಯೆ:

ಕಣ್ಣಿನ ವಿಷಯ ಸಣ್ಣದಲ್ಲ. ಬೇರೆ ಎಲ್ಲಾ ಪಕ್ಕಕ್ಕಿಡಿ, ಇವತ್ತೇ ಬಿಪಿ ನೋಡೋ ಕಡೆ ಕರ್ಕೊಂಡು ಹೋಗಿ, ಫೋನ್ ಮಾಡಿ ಬಿಪಿ ಮಷೀನ್ ಇದ್ಯಾ ಅಂತ ಕೇಳ್ಕೊಂಡೇ ಹೊರಡಿ.

ಕಿಡ್ನಿ ತೊಂದ್ರೆ ಇರೋ ಬೆಕ್ಕುಗಳಲ್ಲಿ ಬಿಪಿ ಏರೋದು ಮಾಮೂಲು, ಅದು ಮೊದ್ಲು ಹೊಡೆಯೋದು ಕಣ್ಣಿಗೆ. ಕಣ್ಣಿನ ಹಿಂದಿನ ಪರದೆ ಅಂದ್ರೆ ರೆಟಿನಾ, ಅಲ್ಲಿ ರಕ್ತ ಸೋರಬಹುದು, ಪರದೆನೇ ಕಳಚಿಕೊಳ್ಳಬಹುದು. ಬೆಳಕಿಗೆ ಪಾಪೆ ಕುಗ್ತಿಲ್ಲ, ಹಾರೋ ಅಂದಾಜು ತಪ್ತಿದೆ, ರಾತ್ರಿ ಕೂಗು, ಮೂರೂ ಅದಕ್ಕೆ ಹೊಂದತ್ತೆ. ಬೇಗ ಬಿಪಿ ಇಳಿಸಿದ್ರೆ ಕೆಲವು ಸಲ ದೃಷ್ಟಿ ಸ್ವಲ್ಪ ಮರಳತ್ತೆ, ತಡ ಆದಷ್ಟೂ ಆ ಅವಕಾಶ ಕಮ್ಮಿ. ಬಿಪಿಯ ಮೇಲಿನ ಅಂಕಿ 140 ಒಳಗೆ ಇದ್ರೆ ಚಿಂತೆ ಇಲ್ಲ, 160 ದಾಟಿದ್ರೆ ಬಿಪಿ ಇದೆ ಅಂತ ಲೆಕ್ಕ, 180 ಮುಟ್ಟಿದ್ರೆ ಕಣ್ಣು, ಮೆದುಳು, ಹೃದಯ ಎಲ್ಲಕ್ಕೂ ಅಪಾಯ.

ಬಿಪಿ ನೋಡೋಕೆ ಮೊದ್ಲು ಬೆಕ್ಕನ್ನ ನಾಯಿಗಳ ಗಲಾಟೆ ಇಲ್ದಿರೋ ರೂಮಲ್ಲಿ ಹತ್ತು ನಿಮಿಷ ಸುಮ್ಮನೆ ಬಿಡೋಕೆ ಹೇಳಿ, ರಕ್ತ ತಗೊಳ್ಳೋದಕ್ಕೆ ಮುಂಚೆನೇ ಬಿಪಿ ಮುಗಿಸೋಕೆ ಹೇಳಿ. ಸೂಜಿ ಚುಚ್ಚಿಸ್ಕೊಂಡ ಬೆಕ್ಕಿನ ಬಿಪಿ ನಂಬೋ ಹಾಗಿಲ್ಲ. ಒಂದೇ ರೀಡಿಂಗ್ ಸಾಲದು, ಮೊದಲ್ನೇದು ಬಿಟ್ಟು ಐದಾರು ತಗೊಂಡು ಸರಾಸರಿ ನೋಡ್ಬೇಕು.

ಉಚ್ಚೆನೂ ಅಲ್ಲೇ ತೆಗೀಲಿ ಬಿಡಿ. ಹೊಟ್ಟೆ ಕೆಳಗಿಂದ ಸಣ್ಣ ಸೂಜಿಯಲ್ಲಿ ಸೀದಾ ಮೂತ್ರಕೋಶದಿಂದಾನೇ ತೆಗೀತಾರೆ, ಕೇಳೋಕೆ ಭಯಂಕರ ಅನ್ಸತ್ತೆ, ಬೆಕ್ಕುಗಳು ರಕ್ತ ಕೊಡೋದಕ್ಕಿಂತ ಆರಾಮಾಗಿ ಇರತ್ವೆ. ಸೋಂಕಿನ ಕ್ರಿಮಿ ಬೆಳೆಸಿ ನೋಡೋ ಕಲ್ಚರ್ ಟೆಸ್ಟ್ ಮಾಡ್ಸೋದಾದ್ರೆ ಹೀಗೆ ತೆಗೆದಿದ್ದೇ ಬೇಕು. ಡ್ರಿಪ್ ಹಾಕೋದಿದ್ರೆ ಅದಕ್ಕೆ ಮುಂಚೆ ಉಚ್ಚೆ ತೆಗೀಲಿ, ಡ್ರಿಪ್ ಹೋದ್ಮೇಲೆ ಯಾವ ಬೆಕ್ಕಿನ ಉಚ್ಚೆನೂ ತೆಳ್ಳಗೇ ಬರತ್ತೆ.


ಮೂರು_ಬೆಕ್ಕಿನ_ಮನಿ:

ಮನ್ಯಾಗ ಹಿಡೀಬೇಕಂದ್ರ ನೀರು ಹೀರದಂಥ ಪ್ಲಾಸ್ಟಿಕ್ ಮಣಿ ಲಿಟರ್ ಸಿಗ್ತಾವ್ರಿ, ತೊಳದ ಖಾಲಿ ಬಾಕ್ಸಿನ್ಯಾಗ ಅದನ್ನ ಹಾಕಿದ್ರ ಉಚ್ಚಿ ತಳದಾಗ ನಿಲ್ತೈತಿ, ಸಿರಿಂಜಿಲೆ ಎಳಕೊಳ್ರಿ, ಫ್ರಿಜ್ಜಿನ್ಯಾಗ ಇಟ್ಟು ಅವತ್ತ ಕೊಡ್ರಿ. ಮುಂದ ಮತ್ತ ಮತ್ತ ಟೆಸ್ಟಿಗೆ ಇದ ಉಪಯೋಗ ಆಗ್ತೈತಿ. ಈಗ ಮಾತ್ರ ಮೇಡಂ ಹೇಳಿದಂಗ ಮದಲ ಕಣ್ಣಿಂದು ನೋಡ್ಸ್ರಿ.


ಬಾಲ_ಬೀಸಣಿಗೆ:

ಪ್ರೋಟೀನ್ ಬಗ್ಗೆ ನಾನು ಹೇಳ್ತೀನಿ, ನಮ್ಮ ಮುದುಕ ಬೆಕ್ಕು ಕಿಡ್ನಿ ಕಾಯಿಲೆ ಇಟ್ಕೊಂಡೇ ಬಹಳ ವರ್ಷ ಬದುಕಿದ್ದ. ಪ್ರೋಟೀನ್ ಪೂರ್ತಿ ನಿಲ್ಲಿಸಿದ್ರೆ ಬೆಕ್ಕು ತನ್ನ ಮೈ ಮಾಂಸಾನೇ ಕರಗಿಸ್ಕೊಳ್ಳತ್ತೆ, ಬೆಕ್ಕು ಪಕ್ಕಾ ಮಾಂಸಾಹಾರಿ ಪ್ರಾಣಿ ಮಾರಾಯ್ರೆ, ಅದಕ್ಕೆ ಗಂಜಿ ಹಾಕಿ ಸಾಕೋಕಾಗಲ್ಲ. ಕಿಡ್ನಿ ಊಟ ಅಂತ ಬರೋದ್ರಲ್ಲಿ ಮುಖ್ಯವಾಗಿ ಕಮ್ಮಿ ಮಾಡಿರೋದು ಫಾಸ್ಫರಸ್ಸು. ಪ್ರೋಟೀನ್ ಹಿತಮಿತವಾಗಿ ಇರತ್ತೆ, ಒಳ್ಳೇ ಗುಣಮಟ್ಟದ್ದು. ಸೋತ ಕಿಡ್ನಿಗೆ ಫಾಸ್ಫರಸ್ ಹೊರಗೆ ಹಾಕೋಕಾಗಲ್ಲ, ಅದು ರಕ್ತದಲ್ಲಿ ಏರಿದಂಗೆ ಉಳಿದ ಕಿಡ್ನಿನೂ ಬೇಗ ಹಾಳಾಗತ್ತೆ, ಅದಕ್ಕೆ ಆ ಊಟ.

ಆದ್ರೆ ಒಂದು. ರಿಪೋರ್ಟ್ ಬರೋ ಮೊದ್ಲೇ ನೀವೇ ಊಟ ಬದಲಾಯಿಸ್ಬೇಡಿ, ಅದೂ ಹೊಟ್ಟೆ ತೊಳಸ್ತಿರೋವಾಗ ಅಂತೂ ಬೇಡವೇ ಬೇಡ. ವಾಕರಿಕೆ ಇರೋವಾಗ ಕೊಟ್ಟಿದ್ದನ್ನ ಬೆಕ್ಕು ಆಮೇಲೆ ಜನ್ಮದಲ್ಲಿ ಮುಟ್ಟಲ್ಲ, "ಇದು ತಿಂದೇ ನಂಗೆ ಹಿಂಗಾಗಿದ್ದು" ಅಂತ ತೀರ್ಮಾನ ಮಾಡ್ಬಿಡತ್ತೆ. ಮೊದ್ಲು ವಾಂತಿಗೆ, ಹಸಿವಿಗೆ ಔಷಧಿ ಕೇಳಿ, ಬೆಕ್ಕು ನೆಮ್ಮದಿಯಾಗಿ ತಿನ್ನೋಕೆ ಶುರು ಮಾಡಿದ್ಮೇಲೆ ಹಳೇದ್ರ ಪಕ್ಕ ಹೊಸದು ಒಂದು ಚಮಚ ಇಟ್ಟು, ವಾರಗಟ್ಟಲೆ ಟೈಮ್ ತಗೊಂಡು ಬದಲಾಯಿಸಿ. ಸರಿಯಾದ ಊಟ ತಿನ್ನದೇ ಇರೋದಕ್ಕಿಂತ ತಪ್ಪು ಊಟನಾದ್ರೂ ತಿನ್ನೋದು ವಾಸಿ. ಎರಡು ಮೂರು ದಿನ ಏನೂ ತಿನ್ಲಿಲ್ಲ ಅಂದ್ರೆ ಬೆಕ್ಕಿಗೆ ಲಿವರ್‌ಗೆ ಕೊಬ್ಬು ತುಂಬ್ಕೊಂಡು ಅದೇ ಇನ್ನೊಂದು ಕಾಯಿಲೆ ಆಗತ್ತೆ.

ವೆಟ್ ಫುಡ್ ನಿಲ್ಲಿಸ್ಬೇಡಿ. ಬಟ್ಟಲು ಒಂದಲ್ಲ, ಮನೇಲಿ ನಾಲ್ಕು ಕಡೆ ಇಡಿ, ಅಗಲ ಇರೋದು ಇಡಿ, ಮೀಸೆ ಅಂಚಿಗೆ ತಾಗದಂಗೆ.


ಚುಕ್ಕಿ_ಮನೆಯವಳು:

ಅವತ್ತು ಸಾಯಂಕಾಲನೇ ಬೇರೆ ಕಡೆ ಕರ್ಕೊಂಡು ಹೋದ್ವಿ, ಈಗ ಎಲ್ಲಾ ರಿಪೋರ್ಟ್ ಕೈಗೆ ಬಂತು. ಬಿಪಿ ಸರಾಸರಿ 192. ಕಣ್ಣು ಟಾರ್ಚ್ ಹಾಕಿ ಲೆನ್ಸ್ ಇಟ್ಟು ನೋಡಿದ್ರು, ಬಲಗಣ್ಣಲ್ಲಿ ರೆಟಿನಾ ಒಂದು ಕಡೆ ಎದ್ದಿದೆಯಂತೆ, ಎಡಗಣ್ಣು ಪರವಾಗಿಲ್ಲ. ಯೂರಿನ್ ಗ್ರಾವಿಟಿ 1.014. ಎಸ್‌ಡಿಎಮ್‌ಎ 21. ಕ್ರಿಯಾಟಿನಿನ್ ಈ ಸಲ 1.8. ಉಚ್ಚೆಯಲ್ಲಿ ಸಕ್ಕರೆ ಇಲ್ಲ, ಪ್ರೋಟೀನ್ ಲೆಕ್ಕ ಯುಪಿಸಿ ಅಂತ ಬರೆದು 0.3 ಹಾಕಿದಾರೆ. ಟಿ4 ನಾರ್ಮಲ್. ಫಾಸ್ಫರಸ್ 4.9. ಪೊಟ್ಯಾಷಿಯಂ ಸರಿ ಇದೆ, ರಕ್ತ ಸ್ವಲ್ಪ ಕಮ್ಮಿ ಆದ್ರೆ ಈಗ್ಲೇ ಔಷಧಿ ಬೇಡ ಅಂದ್ರು. ಸ್ಕ್ಯಾನಿಂಗಲ್ಲಿ ಎರಡೂ ಕಿಡ್ನಿ ಚಿಕ್ಕದಾಗಿ ಅಂಚು ಉಬ್ಬುತಗ್ಗಾಗಿದೆ, ಕಲ್ಲು ಇಲ್ಲ.

ಬಿಪಿ ಇಳಿಸೋಕೆ ಆಮ್ಲೋಡಿಪಿನ್ ಶುರು ಮಾಡಿದಾರೆ, ವಾಕರಿಕೆಗೆ ಒಂದು ಮಾತ್ರೆ. ಇವತ್ತು ತಟ್ಟೆಯಲ್ಲಿದ್ದಿದ್ದು ಪೂರ್ತಿ ತಿಂದಳು, ಆಮೇಲೆ ನನ್ನ ತಟ್ಟೆಗೂ ಬಂದಳು, ಎಷ್ಟು ದಿನ ಆಗಿತ್ತು ಹಾಗೆ ಮಾಡಿ.

2ನೇ ಹಂತ ಅಂದಿದಾರೆ. ಅಂದ್ರೆ ಇನ್ನು ಎಷ್ಟು ದಿನ ಮೇಡಂ? ಚರ್ಮದ ಕೆಳಗೆ ನೀರು ಹಾಕೋದು ಅಂತಾರಲ್ಲ ಅದು ಈಗಿಂದ್ಲೇ ಶುರು ಮಾಡ್ಬೇಕಾ? ಮನೇಲಿ ನಾನು ಏನೇನು ನೋಡ್ತಾ ಇರ್ಬೇಕು?


ಹಸಿರು_ಕೋಟು_ಪಶುವೈದ್ಯೆ:

ಒಳ್ಳೇ ಕಡೆ ತೋರ್ಸಿದೀರ, ಅವರು ನೋಡಬೇಕಾದ್ದೆಲ್ಲ ನೋಡಿದಾರೆ. ಬಿಪಿಯನ್ನ ಒಂದೆರಡು ವಾರದೊಳಗೆ ಮತ್ತೆ ನೋಡಿಸಿ, ಡೋಸ್ ಸರಿಯಾಗೋ ತನಕ ಹೀಗೇ, ನೀವಾಗೇ ಮಾತ್ರೆ ಹೆಚ್ಚು ಕಮ್ಮಿ ಮಾಡೋದು ಬೇಡ, ಚೆನ್ನಾಗಾದ್ಲು ಅಂತ ನಿಲ್ಲಿಸೋದಂತೂ ಬೇಡ. ಯುಪಿಸಿ 0.2ರಿಂದ 0.4 ಅಂಚಿನ ಲೆಕ್ಕ, 0.4 ದಾಟಿದ್ರೆ ಅದಕ್ಕೆ ಬೇರೆ ಔಷಧಿ ಯೋಚಿಸ್ತಾರೆ, ಬಿಪಿ ಇಳಿದ್ಮೇಲೆ ಅದೂ ಇಳಿಯೋದುಂಟು. ಫಾಸ್ಫರಸ್ 4.9 ಲ್ಯಾಬ್ ರೇಂಜಲ್ಲಿ ನಾರ್ಮಲ್ ಅಂತಾನೇ ಪ್ರಿಂಟ್ ಆಗಿರತ್ತೆ ನೋಡಿ, ಆದ್ರೆ 2ನೇ ಹಂತದ ಬೆಕ್ಕಿಗೆ 4.6 ಒಳಗೆ ಇರಲಿ ಅನ್ನೋದು ಗುರಿ. ಬಾಲ ಬೀಸಣಿಗೆಯವ್ರು ಹೇಳಿದ ರೀತಿಯಲ್ಲೇ ನಿಧಾನಕ್ಕೆ ಕಿಡ್ನಿ ಊಟಕ್ಕೆ ತನ್ನಿ, ಅದ್ರಲ್ಲೇ ಇಳೀಲಿಲ್ಲ ಅಂದ್ರೆ ಊಟದ ಜೊತೆ ಬೆರೆಸೋ, ಫಾಸ್ಫರಸ್ ಹಿಡಿದಿಟ್ಕೊಳ್ಳೋ ಬೈಂಡರ್ ಅನ್ನೋ ಔಷಧಿ ಕೊಡ್ತಾರೆ, ಅದು ಊಟದ ಜೊತೇಲಿ ಹೋದ್ರೆ ಮಾತ್ರ ಕೆಲಸ ಮಾಡೋದು, ಹಸಿದ ಹೊಟ್ಟೆಗೆ ಕೊಟ್ರೆ ವ್ಯರ್ಥ.

ಎಷ್ಟು ದಿನ ಅನ್ನೋದಕ್ಕೆ, ಯಾವ ಬೆಕ್ಕಿಗೂ ತಾರೀಖು ಹೇಳೋಕೆ ಬರಲ್ಲ. 2ನೇ ಹಂತದಲ್ಲಿ ಸಿಕ್ಕ ಬೆಕ್ಕುಗಳು ಎರಡು ಮೂರು ವರ್ಷ, ಕೆಲವು ಅದಕ್ಕೂ ಹೆಚ್ಚು ಬಾಳ್ತವೆ, ಎಷ್ಟೋ ಬೆಕ್ಕು ಕಿಡ್ನಿ ಕಾಯಿಲೆ ಇದ್ದೂ ಬೇರೆ ಯಾವುದೋ ಕಾರಣಕ್ಕೆ ಹೋಗತ್ವೆ. ಕೊನೇ ಹಂತದಲ್ಲಿ ಸಿಕ್ಕರೆ ತಿಂಗಳ ಲೆಕ್ಕ. ನಿಮ್ಮದು ಆ ಲೆಕ್ಕ ಅಲ್ಲ.

ಚರ್ಮದ ಕೆಳಗಿನ ನೀರು ಈಗ ಬೇಡ. ಕುಡೀತಾಳೆ, ತಿಂತಾಳೆ, ಒಣಗಿಲ್ಲ ಅಂದ್ರೆ ಅದರ ಅಗತ್ಯ ಇಲ್ಲ, ಬಿಪಿ ಈ ಪಾಟಿ ಇರೋವಾಗ ಸುಮ್ಮನೆ ಉಪ್ಪುನೀರು ಏರಿಸೋದು ಒಳ್ಳೇದೂ ಅಲ್ಲ. ಮುಂದೆ ಬೇಕಾದ್ರೆ ಮನೇಲೇ ಹಾಕೋದು ಕಲಿಸ್ತಾರೆ, ಕಷ್ಟ ಇಲ್ಲ. ಒಣಗಿದ್ಯಾ ಅಂತ ಕುತ್ತಿಗೆ ಚರ್ಮ ಎಳೆದು ಬಿಟ್ಟು ನೋಡ್ತಾರಲ್ಲ, ವಯಸ್ಸಾದ ಬೆಕ್ಕಲ್ಲಿ ಅದನ್ನ ನಂಬ್ಬೇಡಿ, ಚರ್ಮಕ್ಕೆ ಬಿಗಿ ಹೋಗಿರೋದ್ರಿಂದ ಹೇಗಿದ್ರೂ ನಿಧಾನಕ್ಕೇ ಕೂರತ್ತೆ. ಒಸಡು ಬೆರಳಿಗೆ ಜಾರತ್ತಾ ಅಂಟತ್ತಾ ನೋಡಿ, ಅಂಟಿದ್ರೆ ಒಣಗಿದೆ ಅಂತ. ಮಲ ಗಟ್ಟಿ ಗೋಲಿ ಥರ ಬರೋದು, ದಿನ ಬಿಟ್ಟು ದಿನ ಬರೋದು ಕೂಡ ಅದೇ ಸೂಚನೆ.

ಮನೇಲಿ ನೋಡೋದು ಅಂದ್ರೆ ಮೊದ್ಲು ತೂಕ. ಮಗು ತೂಗೋ ತಕ್ಕಡಿ ಇದ್ರೆ ವಾರಕ್ಕೊಂದು ಸಲ, ಒಂದೇ ಹೊತ್ತಲ್ಲಿ, ಬರೆದಿಟ್ಕೊಳ್ಳಿ. ಕಿಡ್ನಿ ಕಾಯಿಲೆ ಪತ್ತೆ ಆಗೋಕೆ ಎರಡು ಮೂರು ವರ್ಷ ಮುಂಚಿಂದಾನೇ ಬೆಕ್ಕಿನ ತೂಕ ಇಳೀತಾ ಬಂದಿರತ್ತೆ, 100 ಗ್ರಾಂ ಇಳಿದಿದ್ದು ಕಣ್ಣಿಗೆ ಕಾಣಲ್ಲ, ತಕ್ಕಡಿಗೆ ಕಾಣತ್ತೆ. ಬಾಯಿ ವಾಸನೆ ಒಂಥರಾ ಉಚ್ಚೆ ವಾಸನೆ ಥರ ಬರೋದು, ಜೊಲ್ಲು ಸುರಿಯೋದು, ನಾಲಿಗೆ ಅಂಚಲ್ಲಿ ಹುಣ್ಣು, ಇವು ರಕ್ತದಲ್ಲಿ ವಿಷ ಏರಿದಾಗಿನವು. ತಲೆ ಎತ್ತೋಕಾಗದೆ ಗದ್ದ ಎದೆಗೆ ಬಾಗಿಸ್ಕೊಂಡು ಕೂತ್ರೆ ಪೊಟ್ಯಾಷಿಯಂ ಇಳಿದಿರಬಹುದು, ಅವತ್ತೇ ತೋರ್ಸಬೇಕು. ಒಸಡು ಬಿಳಿಚಿಕೊಂಡು ಸುಸ್ತಾಗಿ ಮಲಗಿದ್ರೆ ರಕ್ತ ಕಮ್ಮಿಯಾಗಿದೆ ಅಂತ, ರಕ್ತ ಉತ್ಪತ್ತಿ ಮಾಡು ಅಂತ ಮೂಳೆಗೆ ಹೇಳೋ ಹಾರ್ಮೋನ್ ಬರೋದೂ ಕಿಡ್ನಿಯಿಂದಾನೇ. ಇಷ್ಟು ದಿನ ನೀರು ಜಾಸ್ತಿ ಕುಡೀತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕುಡಿಯೋದು ಬಿಟ್ರೆ ವಾಸಿಯಾಯ್ತು ಅಂದ್ಕೋಬೇಡಿ, ಅದು ತುರ್ತು.


ಚುಕ್ಕಿ_ಮನೆಯವಳು:

ಎಲ್ಲಾ ಬರ್ಕೊಂಡೆ ಮೇಡಂ. ಕಾಲು ನೋವು ಇರಬಹುದು ಅಂತ ಹಳೇ ಡಾಕ್ಟ್ರು ಹಿಂದೆ ಯಾವಾಗ್ಲೋ ಕೊಟ್ಟಿದ್ದ ನೋವಿನ ಸಿರಪ್ ಮನೇಲಿದೆ, ಮೆಲಾಕ್ಸಿಕಾಂ ಅಂತಿದೆ, ಹಾರೋಕೆ ಕಷ್ಟಪಟ್ರೆ ಅದನ್ನ ಕೊಡ್ಲಾ?


ಹಸಿರು_ಕೋಟು_ಪಶುವೈದ್ಯೆ:

ಬೇಡ. ಆ ಜಾತಿ ನೋವಿನ ಔಷಧಿ ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡತ್ತೆ, ಒಣಗಿದ ಬೆಕ್ಕಿಗೆ ಕೊಟ್ರೆ ಒಂದೆರಡು ದಿನದಲ್ಲೇ ಕಿಡ್ನಿ ಪೂರ್ತಿ ಕೈಕೊಡಬಹುದು. ಕಿಡ್ನಿ ಕಾಯಿಲೆ ಇರೋ ಬೆಕ್ಕಿಗೆ ಸಂಧಿನೋವೂ ಇದ್ರೆ ಕೆಲವು ಸಲ ಲೆಕ್ಕ ಹಾಕಿ, ರಕ್ತ ಟೆಸ್ಟ್ ಮಾಡ್ತಾ ಮಾಡ್ತಾ ಕಮ್ಮಿ ಡೋಸಲ್ಲಿ ಕೊಡೋದುಂಟು, ಅದು ಈಗ ನೋಡ್ತಿರೋ ಡಾಕ್ಟ್ರ ತೀರ್ಮಾನ, ಹಳೇ ಬಾಟ್ಲಿಯಿಂದ ಅಲ್ಲ. ಮನುಷ್ಯರ ಪ್ಯಾರಸಿಟಮಾಲ್ ಅಂತೂ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯತ್ತೆ, ಅದು ಕಿಡ್ನಿ ಚೆನ್ನಾಗಿರೋ ಬೆಕ್ಕಾದ್ರೂ ಅಷ್ಟೇ.


ಬಾಲ_ಬೀಸಣಿಗೆ:

ಮನೇಲಿ ಲಿಲ್ಲಿ ಹೂವಿನ ಕುಂಡ ಇದ್ರೆ, ಯಾರಾದ್ರೂ ಬೊಕೆ ತಂದ್ರೆ ಅದನ್ನೂ ಹೊರಗಿಡಿ ಅಕ್ಕ. ಎಲೆ, ಹೂವು, ಪರಾಗ, ಹೂದಾನಿ ನೀರು ಎಲ್ಲಾ ಬೆಕ್ಕಿನ ಕಿಡ್ನಿಗೆ ವಿಷ, ಮೈಗೆ ಬಿದ್ದ ಪುಡಿ ನೆಕ್ಕೊಂಡ್ರೂ ಸಾಕು.


ಚುಕ್ಕಿ_ಮನೆಯವಳು:

ಬಾಟ್ಲಿ ಕಪಾಟಿಂದ ತೆಗೆದು ಪಕ್ಕಕ್ಕಿಟ್ಟೆ. ಲಿಲ್ಲಿ ಇಲ್ಲ, ಬಾಲ್ಕನಿಯಲ್ಲಿ ಇನ್ನೇನೇನು ಗಿಡ ಇದೆ ಅಂತ ಈಗ್ಲೇ ನೋಡ್ತೀನಿ. ಸೋಫಾ ಪಕ್ಕ ಒಂದು ಗಟ್ಟಿ ಡಬ್ಬ ಮೆಟ್ಟಿಲ ಥರ ಇಟ್ಟಿದೀನಿ, ಎರಡು ಸಲ ಮೂಸಿ ನೋಡಿ ಹತ್ತಿದಳು. ಮುಂದಿನ ವಾರ ಬಿಪಿ ರೀಡಿಂಗ್ ಬಂದ್ಮೇಲೆ ಇಲ್ಲೇ ಹಾಕ್ತೀನಿ.